ಹಾಲೆಂಡಿನ ಕಾಲುವೆಯೂ ನಮ್ಮ ಹದಿನಾಲ್ಕನೇ ತೂಬೂ

ಹೊಳೆನರಸೀಪುರದ ಕಡೆಯ ಒಂದು ನಾಲೆಯ ನೀರು ಬಳಕೆದಾರರ ಸಂಘಕ್ಕೆ ನಾನು ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ನಾಲೆಗೆ ಹದಿನಾಲ್ಕು ತೂಬುಗಳಿವೆ. ತೂಬು ಎಂದರೆ ನಾಲೆಯ ಏರಿಯಲ್ಲಿ ಕೂರಿಸಿದ ಕಬ್ಬಿಣದ ಬಾಗಿಲು. ಅದನ್ನು ಎತ್ತಿದರೆ ಆ ಭಾಗದ ಗದ್ದೆಗಳಿಗೆ ನೀರು, ಇಳಿಸಿದರೆ ಮುಂದಿನವರಿಗೆ. ಮುಂದಿನವರಿಗೆ ಎನ್ನುವುದು ಕಾಗದದ ಮಾತು. ಒಂಬತ್ತನೇ ತೂಬು ದಾಟಿದ ಮೇಲೆ ನಾಲೆಯಲ್ಲಿ ನೀರಿಗಿಂತ ಜೊಂಡು ಹೆಚ್ಚು, ಹದಿನಾಲ್ಕನೆಯದರ ಹತ್ತಿರ ಜೊಂಡೂ ಒಣಗಿರುತ್ತಿತ್ತು.

ನನಗೆ ಚೆನ್ನಾಗಿ ಗೊತ್ತಿದ್ದದ್ದು ನಾಲೆಯಲ್ಲ, ಸಂಘದ ನಡಾವಳಿ ಪುಸ್ತಕ. ನಮ್ಮದು ಪೇಟೆಯ ದೇವಸ್ಥಾನದ ಬೀದಿಯ ಮನೆ. ನನ್ನ ಕೈಗೆ ಮಣ್ಣು ಹತ್ತಿದ್ದು ಕಡಿಮೆ. ಆದರೆ 'ಸರ್ವಾನುಮತದಿಂದ ತೀರ್ಮಾನಿಸಲಾಯಿತು' ಎಂದು ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ. ಸಭೆಯಲ್ಲಿ ಇಬ್ಬರು ಕೈಕೈ ಮಿಲಾಯಿಸಿದ ದಿನವೂ ನಾನು ಅದನ್ನೇ ಬರೆದಿದ್ದೇನೆ.

ಸಂಘದ ನಿರ್ದೇಶಕರಲ್ಲಿ ಒಂದು ಸ್ಥಾನ ಹೆಂಗಸರಿಗೆ ಮೀಸಲು. ಆ ಸ್ಥಾನಕ್ಕೆ ಆರಿಸಿ ಬಂದವರನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಐವತ್ತು ದಾಟಿದವರು, ಏಳನೇ ತೂಬಿನ ಕೆಳಗೆ ಗದ್ದೆ ಮತ್ತು ತೆಂಗಿನ ತೋಟ ಇದ್ದ ಮನೆಯವರು. ಅವರು ಸಭೆಗೆ ಬರುತ್ತಿರಲಿಲ್ಲ. ಅವರ ಯಜಮಾನರು ಬರುತ್ತಿದ್ದರು, ಮಾತಾಡುತ್ತಿದ್ದರು, ಮೇಜು ಗುದ್ದುತ್ತಿದ್ದರು. ಊರಿಗೆಲ್ಲ ಅವರೇ 'ಡೈರೆಕ್ಟ್ರು'. ಸಭೆ ಮುಗಿದ ಮೇಲೆ ನಾನು ಪುಸ್ತಕವನ್ನು ಸ್ಕೂಟರಿನಲ್ಲಿಟ್ಟುಕೊಂಡು ಅವರ ಮನೆಗೆ ಹೋಗುವುದು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದು, ನಾನು ಬೆರಳಿಟ್ಟ ಕಡೆ ಸಹಿ ಮಾಡಿ, ಕಾಫಿ ಕೊಟ್ಟು ಕಳಿಸುವುದು. ಆರು ವರ್ಷ ಹೀಗೆ ನಡೆಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದರೂ ಅವರ ಅಕ್ಷರ ನಮ್ಮ ಅಧ್ಯಕ್ಷರದಕ್ಕಿಂತ ಗುಂಡಗಿತ್ತು.

"ಏನ್ ಬರ್ದಿದ್ದೀರಿ ಅಯ್ನೋರೆ?" ಎಂದು ಒಂದು ಸಲ ಕೇಳಿದ್ದರು.

"ಎಲ್ಲಾ ಮಾಮೂಲಿ ಅಕ್ಕ."

"ಮಾಮೂಲಿ ಅಂದ್ಮೇಲೆ ಸರಿ ಬುಡಿ," ಎಂದು ಸಹಿ ಹಾಕಿದರು. ಅದು ನನಗೆ ಅನುಕೂಲವೇ ಆಗಿತ್ತು.

ಹೀಗಿರುವಾಗ ಒಂದು ಪತ್ರ ಬಂತು. ಯಾವುದೋ ತರಬೇತಿ ಯೋಜನೆಯಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಂಘಗಳಿಂದ ಕೆಲವರನ್ನು ಹಾಲೆಂಡಿಗೆ ಕಳಿಸುತ್ತಾರಂತೆ. ಅಲ್ಲಿನ ಕಾಲುವೆಗಳನ್ನು ನೋಡಿ ಬರುವುದು. ನಮ್ಮ ಸಂಘದಿಂದ ಮೂವರು: ಅಧ್ಯಕ್ಷರು, ಮಹಿಳಾ ನಿರ್ದೇಶಕರು, ವರದಿ ಬರೆಯಲು ಕಾರ್ಯದರ್ಶಿ.

ಅಧ್ಯಕ್ಷರು ಒಳ್ಳೆಯ ಮನುಷ್ಯರು. ಎರಡನೇ ತೂಬಿನ ಹತ್ತಿರ ಅವರ ದೊಡ್ಡ ತೋಟ. ಬಿಳೀ ಬಟ್ಟೆ, ನಗುಮುಖ, ಎಲ್ಲದಕ್ಕೂ 'ಮಾದರಿ' ಎನ್ನುವ ಅಭ್ಯಾಸ. ಸಂಘದ ಕಚೇರಿಗೆ ಬಾಗಿಲು ಹಾಕಿಸಿದಾಗ ಅದು ಮಾದರಿ ಬಾಗಿಲಾಗಿತ್ತು. ಪತ್ರ ಓದಿ ಅವರು ಹಾಸನಕ್ಕೆ ಹೋಗಿ ಕೋಟು ಹೊಲಿಸಲು ಕೊಟ್ಟರು. ಅದೇ ದರ್ಜಿಯ ಹತ್ತಿರ ಅಕ್ಕನ ಯಜಮಾನರೂ ಅಳತೆ ಕೊಟ್ಟು ಬಂದರು.

ನಾನು ಅವರಿಗೆ ವಿಷಯ ತಿಳಿಸಬೇಕಾಯಿತು. "ಪತ್ರದಲ್ಲಿ ಅಕ್ಕನ ಹೆಸರಿದೆ."

"ಇರ್ಲಿ ಬುಡಿ ಸಾ. ಮೀಟಿಂಗಿಗೂ ಅವ್ಳೆಸ್ರೇ ಇರೋದು, ಓಗೋನು ನಾನ್ ತಾನೆ?"

"ವೀಸಾಕ್ಕೆ ಬೆರಳಚ್ಚು ಕೊಡಬೇಕು. ಮುಖದ ಫೋಟೋ ತೆಗೀತಾರೆ."

"ಪರವಾಗಿ ಅಂತ ಬರ್ದು ಸೀಲು ಒಡೆದ್ರೆ ಆಗಕಿಲ್ವ?"

ನಮ್ಮ ದೇಶದ ಗಡಿ ದಾಟಿದ ಮೇಲೆ ನಮ್ಮ ಸಂಘದ ಸೀಲಿಗೆ ಬೆಲೆ ಇಲ್ಲ ಎಂದು ಅವರಿಗೆ ಒಪ್ಪಿಸುವುದಕ್ಕೆ ನನಗೆ ಒಂದು ವಾರ ಹಿಡಿಯಿತು. ಆ ವಾರದಲ್ಲಿ ಅಕ್ಕನಿಗೆ ಮಂಡಿನೋವು ಬಂದಿದೆ, ವಿಮಾನದ ಭಯ ಇದೆ, ಸೊಸೆಗೆ ಮೈ ಸರಿಯಿಲ್ಲ ಎಂಬ ಸುದ್ದಿಗಳು ಒಂದೊಂದಾಗಿ ಬಂದವು. ಕೊನೆಗೆ ನಾನೇ ಹೋಗಿ ಕೇಳಿದೆ. ಅಕ್ಕ ಅವರೇಕಾಯಿ ಸುಲಿಯುತ್ತ ಕೂತಿದ್ದರು.

"ಮಂಡಿನೋವು ನಂಗಲ್ಲ, ಅವ್ರಿಗೆ," ಎಂದರು. "ನಾನ್ ಓಯ್ತೀನಿ. ಆರು ವರ್ಸ ರುಜು ಆಕಿವ್ನಿ, ಒಂದ್ಸಲ ಓಗ್ಬಾರ್ದ?"

ಹಾಸನದಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗ ಕಿಟಕಿಯಲ್ಲಿದ್ದ ಹುಡುಗಿ ಉದ್ಯೋಗ ಏನೆಂದು ಕೇಳಿದಳು. ಯಜಮಾನರು ಹಿಂದಿನಿಂದ "ಮನೆಕೆಲ್ಸ" ಎಂದರು. ಅಕ್ಕ ಹಿಂದಕ್ಕೆ ತಿರುಗಿ ನೋಡದೆ "ಡೈರೆಕ್ಟ್ರು" ಎಂದರು. ಹುಡುಗಿ ಸಿನಿಮಾದವರೇ ಎಂದು ಕೇಳಿದ್ದಕ್ಕೆ, "ನೀರಿಂದು ಕಣವ್ವ" ಎಂದರು.

ಅಕ್ಟೋಬರಿನಲ್ಲಿ ಹೊರಟೆವು. ಒಟ್ಟು ಏಳು ಜನ. ಅಕ್ಕನ ಪೆಟ್ಟಿಗೆಯಲ್ಲಿ ಎರಡು ಸೀರೆಗೂ ಒಂದು ಸ್ವೆಟರಿಗೂ ಬಿಟ್ಟರೆ ಉಳಿದ ಜಾಗವೆಲ್ಲ ಹುರಿಹಿಟ್ಟು, ಚಟ್ನಿಪುಡಿ, ಉಪ್ಪಿನಕಾಯಿ. ಮೊದಲು ನಕ್ಕ ಅಧ್ಯಕ್ಷರು, ಮೂರನೇ ದಿನದ ಹೊತ್ತಿಗೆ ಬೆಳಿಗ್ಗೆ ಎದ್ದ ಕೂಡಲೇ ಅಕ್ಕನ ರೂಮಿನ ಬಾಗಿಲು ತಟ್ಟಿ, "ತಾಯಿ, ಒಂದ್ ಚೂರು ಚಟ್ನಿಪುಡಿ" ಎನ್ನುವಂತಾದರು. ಅಲ್ಲಿನವರು ಮೂರು ಹೊತ್ತೂ ತಣ್ಣನೆಯ ಬ್ರೆಡ್ಡು ಕೊಡುತ್ತಿದ್ದರು.

ನಾಲ್ಕನೇ ದಿನ ನಮ್ಮನ್ನು ಉತ್ತರದ ಕಡೆಯ ಒಂದು ಸಣ್ಣ ಊರಿಗೆ ಕರೆದೊಯ್ದರು. ಊರಿನ ನಡುವೆ ಗೆರೆ ಎಳೆದಂತೆ ನೇರವಾಗಿ ಒಂದು ಕಾಲುವೆ. ಇಕ್ಕೆಲದಲ್ಲೂ ಇಟ್ಟಿಗೆಯ ಮನೆಗಳು, ಮನೆಗೊಂದು ಸಣ್ಣ ದೋಣಿ. ಎಪ್ಪತ್ತು ದಾಟಿದ ಒಬ್ಬ ಮುದುಕರು ರಬ್ಬರ್ ಬೂಟು ಹಾಕಿಕೊಂಡು ನಮಗಾಗಿ ಕಾದಿದ್ದರು. ಅವರು ಮೊದಲು ಅಲ್ಲಿನ ನೀರಿನ ಮಂಡಳಿಯಲ್ಲಿ ಕಾಲುವೆ ತಪಾಸಣೆ ಮಾಡುತ್ತಿದ್ದವರು. ಈಗ ನಿವೃತ್ತರಾಗಿ, ಬಂದವರಿಗೆ ಕಾಲುವೆಯ ಚರಿತ್ರೆ ಹೇಳುತ್ತಾರೆ. ಅವರು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳುವುದು, ನಾನು ಇನ್ನೂ ನಿಧಾನವಾಗಿ ಕನ್ನಡಕ್ಕೆ ತರುವುದು ಎಂದಾಯಿತು.

ಆ ಕಾಲುವೆಯನ್ನು ತೋಡಿದ್ದು ಬೇಸಾಯಕ್ಕಲ್ಲ. ಅಲ್ಲೆಲ್ಲ ಮೊದಲು ಜೌಗು ನೆಲ. ಸಾವಿರಾರು ವರ್ಷ ಹುಲ್ಲು, ಪಾಚಿ ಕೊಳೆತು ಆದ ಕರಿಮಣ್ಣು. ಅದನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಸೌದೆಯ ಹಾಗೆ ಉರಿಯುತ್ತದೆ. ಪೇಟೆಯ ಒಲೆಗಳಿಗೆ ಅದನ್ನು ಸಾಗಿಸಲು ಕೂಲಿಯವರು ಸನಿಕೆ ಹಿಡಿದು, ಮೊಳಕಾಲುದ್ದದ ನೀರಿನಲ್ಲಿ ನಿಂತು ಈ ಕಾಲುವೆ ತೋಡಿದರು. ದೋಣಿಗಳನ್ನು ದಡದ ಮೇಲೆ ನಡೆಯುವ ಕುದುರೆಗಳು ಎಳೆಯುತ್ತಿದ್ದವು. ಕುದುರೆ ಇಲ್ಲದ ಬಡವರ ದೋಣಿಯನ್ನು ಅವರ ಹೆಂಡತಿ ಮಕ್ಕಳು ಎದೆಗೆ ಹಗ್ಗ ಕಟ್ಟಿಕೊಂಡು ಎಳೆಯುತ್ತಿದ್ದರು. ಗಂಡ ದೋಣಿಯಲ್ಲಿ ನಿಂತು ಚುಕ್ಕಾಣಿ ಹಿಡಿಯುತ್ತಿದ್ದ. ಇದನ್ನು ಕನ್ನಡಕ್ಕೆ ತಂದಾಗ ಅಕ್ಕ, "ಅಲ್ಲೂ ಅಂಗೇನಾ" ಎಂದರು. ಅದನ್ನು ನಾನು ಇಂಗ್ಲಿಷಿಗೆ ತರಲಿಲ್ಲ.

ಕರಿಮಣ್ಣು ಹೊತ್ತು ಪೇಟೆಗೆ ಹೋದ ದೋಣಿಗಳು ಬರಿದಾಗಿ ವಾಪಸು ಬರುತ್ತಿರಲಿಲ್ಲ. ಪೇಟೆಯ ಕಸ, ಲದ್ದಿ, ಮನುಷ್ಯರ ಹೇಲು, ಎಲ್ಲವನ್ನೂ ತುಂಬಿಕೊಂಡು ಬರುತ್ತಿದ್ದವು. ಮಣ್ಣು ತೆಗೆದ ಬರಡು ನೆಲಕ್ಕೆ ಅದನ್ನು ಹಾಕಿ, ಮರಳಿನೊಂದಿಗೆ ಬೆರೆಸಿ ಹೊಲ ಮಾಡಿದರು. ಅಲ್ಲಿ ಈಗಲೂ ಬೆಳೆಯುವುದು ಆಲೂಗಡ್ಡೆ. ಅದನ್ನು ಕೇಳಿ ಹಾಸನದ ಪ್ರತಿನಿಧಿಗೆ ಜೀವ ಬಂತು. ರಸ್ತೆ ಬದಿಯ ಹೊಲಕ್ಕೆ ಇಳಿದು ಒಂದು ಗಡ್ಡೆ ಎತ್ತಿಕೊಂಡು, ಉಗುರಿನಿಂದ ಕೆರೆದು ನೋಡಿ, "ನಮ್ಮೂರಿಂದೇ ವಾಸಿ" ಎಂದು ತೀರ್ಪು ಕೊಟ್ಟು ಜೇಬಿಗೆ ಹಾಕಿಕೊಂಡರು.

ಮುದುಕರು ಒಂದು ಸೇತುವೆಯ ಹತ್ತಿರ ನಿಂತರು. ಹಿಂದೆ ಇಲ್ಲಿ ಸೇತುವೆ ಎತ್ತುವವನ ಮನೆ ಇತ್ತಂತೆ. ದೋಣಿ ಬಂದಾಗ ಸೇತುವೆ ಎತ್ತಿ, ಒಂದು ಕೋಲಿಗೆ ಕಟ್ಟಿದ ಮರದ ಬೂಟನ್ನು ಮೇಲಿನಿಂದ ಇಳಿಬಿಡುತ್ತಿದ್ದನಂತೆ. ದೋಣಿಯವರು ಸುಂಕವನ್ನು ಆ ಬೂಟಿನೊಳಗೆ ಹಾಕಬೇಕು. ಈಗ ಆ ಮನೆ ಇಲ್ಲ. ಎಲ್ಲೋ ದೂರದ ಕೋಣೆಯಲ್ಲಿ ಕೂತವರು ಕ್ಯಾಮೆರಾದಲ್ಲಿ ನೋಡಿ ಗುಂಡಿ ಒತ್ತಿದರೆ ಸೇತುವೆ ತಾನೇ ಏಳುತ್ತದೆ. ನಾವು ನೋಡುತ್ತಿದ್ದ ಹಾಗೆಯೇ ಎದ್ದಿತು. ಅಧ್ಯಕ್ಷರು ಅದರ ಮುಂದೆ ನಿಂತು, ಸೇತುವೆಯನ್ನು ತಾವೇ ಎತ್ತಿಸಿದಂತೆ ಕೈ ತೋರಿಸಿ ಫೋಟೋ ತೆಗೆಸಿಕೊಂಡರು.

ಅವರಿಗೆ ಬಹಳ ಹಿಡಿಸಿದ್ದು ಮುಂದಿನ ಭಾಗ. ಕಾರುಗಳು ಬಂದ ಕಾಲದಲ್ಲಿ ಊರಿನವರಿಗೆ ಈ ಕಾಲುವೆ ಬೇಡವಾಯಿತು. ದೋಣಿಗಳು ನಿಂತಿದ್ದವು, ನೀರು ನಾರುತ್ತಿತ್ತು, ಕಾರು ನಿಲ್ಲಿಸಲು ಜಾಗವಿರಲಿಲ್ಲ. ಊರಿನೊಳಗಿನ ಕಾಲುವೆಗೆ ಮರಳು ತುಂಬಿ ಮುಚ್ಚಿ, ಮೇಲೆ ರಸ್ತೆ ಮಾಡಿದರು, ಬ್ಯಾಂಡು ಬಾರಿಸಿ ಉದ್ಘಾಟಿಸಿದರು. ಒಂದು ತಲೆಮಾರು ಕಳೆಯಿತು. ಮಳೆ ಬಂದರೆ ನೀರು ಹೋಗಲು ದಾರಿಯಿಲ್ಲದೆ ಮನೆಗಳ ನೆಲಮಾಳಿಗೆಗೆ ನುಗ್ಗಿತು. ಊರು ಬೋಳಾಗಿ ಕಂಡಿತು. ಆಗ ಅದೇ ಊರಿನವರು ಅದೇ ರಸ್ತೆಯನ್ನು ಅಗೆದು, ಅದೇ ಕಾಲುವೆಯನ್ನು ಮತ್ತೆ ತೆರೆದರು. ಮತ್ತೆ ಬ್ಯಾಂಡು. ಈಗ ಬೇಸಿಗೆಯಲ್ಲಿ ವಿಹಾರದ ದೋಣಿಗಳು, ದಡದಲ್ಲಿ ಗಾಳ ಹಾಕುವವರು, ಕುದುರೆ ನಡೆದಿದ್ದ ದಾರಿಯಲ್ಲಿ ಸೈಕಲ್ಲು. ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಊರೆಲ್ಲ ಅದರ ಮೇಲೆ ಜಾರುತ್ತದೆ, ಈಚೆಗೆ ಹೆಪ್ಪುಗಟ್ಟುವುದೇ ಅಪರೂಪವಂತೆ.

"ಎಂಥಾ ತಲೆ ನೋಡಿ," ಎಂದರು ಅಧ್ಯಕ್ಷರು ನನಗೆ ಮೆಲ್ಲಗೆ. "ಒಂದೇ ಕಾಲ್ವೆಗೆ ಎಲ್ಡು ಉದ್ಘಾಟ್ನೆ. ಬರ್ಕಳಿ, ಬರ್ಕಳಿ."

ಆಮೇಲೆ ಅವರು ದೋಣಿಯನ್ನು ಎಲ್ಲಿ ಮಾಡಿಸುತ್ತಾರೆ, ದಡದ ದೀಪಕ್ಕೆ ಎಷ್ಟು ವೋಲ್ಟು ಎಂದು ಕೇಳಿಸಿದರು. ಮುದುಕರು ಸಮಾಧಾನದಿಂದ ಉತ್ತರಿಸಿದರು. ಇಂಥ ಪ್ರಶ್ನೆಗಳು ಅವರಿಗೆ ಹಳತಿರಬೇಕು.

ಆಗ ಅಕ್ಕ ನನ್ನ ತೋಳು ಮುಟ್ಟಿದರು. "ಅಯ್ನೋರೆ, ಇದ್ರ ತೂಬೆಲ್ಲಿ ಅಂತ ಕೇಳಿ. ನೀರ್ ಬುಡೋರ್ಯಾರು? ಕಟ್ಟೋರ್ಯಾರು?"

ನನಗೆ ಸಂಕೋಚವಾಯಿತು. ಅಷ್ಟು ದೂರ ಬಂದು ತೂಬಿನ ಬಗ್ಗೆ ಕೇಳುವುದೇ ಎನಿಸಿತು. ಆದರೂ ಕೇಳಿದೆ. ಮುದುಕರು ಮಾತು ನಿಲ್ಲಿಸಿ ಅಕ್ಕನ ಮುಖ ನೋಡಿದರು. ಆಮೇಲೆ ನಮ್ಮನ್ನೆಲ್ಲ ಸೇತುವೆಯ ಹತ್ತಿರವೇ ಬಿಟ್ಟು, ಅಕ್ಕನನ್ನು ಹೊಲಗಳ ಕಡೆ ಕರೆದುಕೊಂಡು ಹೊರಟರು. ನಾನು ಹಿಂದೆ ಓಡಿದೆ.

ಹೊಲಗಳ ನಡುವೆ ನೂರಾರು ಸಣ್ಣ ಚರಂಡಿಗಳು. ಅವೆಲ್ಲ ಕಾಲುವೆಗೆ ಸೇರುತ್ತವೆ. ನಮ್ಮಲ್ಲಿ ನಾಲೆಯಿಂದ ಹೊಲಕ್ಕೆ ನೀರು, ಅಲ್ಲಿ ಹೊಲದಿಂದ ನಾಲೆಗೆ. ನೆಲ ತಗ್ಗಿನಲ್ಲಿರುವುದರಿಂದ ನೀರನ್ನು ಹೊರಗೆ ಹಾಕದಿದ್ದರೆ ಊರೇ ಮುಳುಗುತ್ತದೆ. ಚರಂಡಿಯ ಬಾಯಲ್ಲಿ ಒಂದು ಸಣ್ಣ ಬಾಗಿಲು, ತಿರುಗಿಸಲು ಒಂದು ಚಕ್ರ. ಅಕ್ಕ ಅದನ್ನು ಹಿಡಿದು ತಿರುಗಿಸಿ ನೋಡಿದರು. ತುಕ್ಕಿರಲಿಲ್ಲ. ಎಣ್ಣೆಯಾದ ಬೆರಳನ್ನು ನನಗೆ ತೋರಿಸಿದರು.

ಮುದುಕರು ಹೇಳಿದರು: ಪ್ರತಿಯೊಬ್ಬ ರೈತನೂ ತನ್ನ ಹೊಲದ ಪಕ್ಕದ ಚರಂಡಿಯ ಜೊಂಡು ತೆಗೆಯಬೇಕು. ಪ್ರತಿ ವರ್ಷ ಇದೇ ಕಾಲದಲ್ಲಿ ಮಂಡಳಿಯವರು ನಡೆದುಕೊಂಡು ಬಂದು ನೋಡುತ್ತಾರೆ. ತೆಗೆಯದಿದ್ದರೆ ಅವರೇ ತೆಗೆಸಿ ಖರ್ಚನ್ನು ಅವನ ಮೇಲೆ ಹಾಕುತ್ತಾರೆ. ರಾಜರು ಬದಲಾದರೂ ಯುದ್ಧ ಬಂದರೂ ಈ ನಡಿಗೆ ನಿಂತಿಲ್ಲ.

"ಮಂಡ್ಳಿ ಅಧ್ಯಕ್ಷ್ರ ಒಲಾನೂ ನೋಡ್ತಾರ?" ಅಕ್ಕ ಕೇಳಿಸಿದರು.

ಮುದುಕರು ನಕ್ಕರು. ತಾವು ಕೆಲಸಕ್ಕೆ ಸೇರಿದ ವರ್ಷ ತಮ್ಮ ಮಾವನೇ ಮಂಡಳಿಯಲ್ಲಿದ್ದರೆಂದೂ, ಮೊದಲ ನೋಟಿಸು ಅವರಿಗೇ ಕೊಟ್ಟೆನೆಂದೂ, ಆಮೇಲೆ ಎರಡು ಹಬ್ಬಕ್ಕೆ ಆ ಮನೆಯಲ್ಲಿ ಊಟ ಸಿಗಲಿಲ್ಲವೆಂದೂ ಹೇಳಿದರು. ಅಕ್ಕ ತಮ್ಮ ಚೀಲದಿಂದ ಹುರಿಹಿಟ್ಟಿನ ಉಂಡೆ ತೆಗೆದು ಅವರ ಕೈಗಿಟ್ಟರು. ಇಬ್ಬರೂ ಆ ಚರಂಡಿಯ ದಡದಲ್ಲಿ ಬಹಳ ಹೊತ್ತು ನಿಂತಿದ್ದರು. ನನ್ನ ಅನುವಾದವನ್ನು ಹೆಚ್ಚು ಕೇಳಲಿಲ್ಲ.

ಊರಿಗೆ ಬಂದ ಮೇಲೆ ಅಧ್ಯಕ್ಷರು ವರದಿ ಬರೆಸಿದರು. ನಮ್ಮ ನಾಲೆಯಲ್ಲಿ ದೋಣಿವಿಹಾರ, ದಡದಲ್ಲಿ ಬಣ್ಣದ ದೀಪ, ಫೋಟೋ ತೆಗೆಸಿಕೊಳ್ಳುವ ಕಟ್ಟೆ, ಒಂದು ಕಾಫಿ ಅಂಗಡಿ. "ಶೆಟ್ಟಿಹಳ್ಳಿ ಚರ್ಚ್ ನೋಡಕ್ಕೆ ಜನ ಬರಕಿಲ್ವ? ಅದು ಡ್ಯಾಂ ನೀರಲ್ಲಿ ಮುಳುಗಿರೋದು. ನಮ್ದು ತೇಲೋದು," ಎಂದರು. ವರ್ಷದಲ್ಲಿ ಏಳು ತಿಂಗಳು ನಾಲೆ ಒಣಗಿರುತ್ತದೆ ಎಂದು ನಾನು ನೆನಪಿಸಿದೆ. ಅದನ್ನು ಬರೆಯಬೇಡಿ ಎಂದರು. ಬರೆಯಲಿಲ್ಲ.

ಆಮೇಲೆ ಸನ್ಮಾನ. ಕಲ್ಯಾಣ ಮಂಟಪದಲ್ಲಿ ಶಾಮಿಯಾನ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ಹಾಲೆಂಡ್ ಪ್ರವಾಸ ಮುಗಿಸಿ ಬಂದ ಮಹಿಳಾ ನಿರ್ದೇಶಕರು ವೇದಿಕೆಗೆ ಬರಬೇಕು ಎಂದು ನಿರೂಪಕರು ಕೂಗಿದರು. ಅಕ್ಕನ ಯಜಮಾನರು ಎದ್ದು ಹೋದರು. ನಾನು ತಡೆಯುವ ಹೊತ್ತಿಗೆ ಪೇಟ ತಲೆ ಮೇಲೆ ಕೂತಿತ್ತು. ದರ್ಜಿಗೆ ಅಳತೆ ಕೊಟ್ಟಿದ್ದ ಕೋಟು ಹಾಕಿದ್ದರು. ಮೈಕು ಹಿಡಿದು ಹಾಲೆಂಡಿನ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಟುಲಿಪ್ ಹೂವಿನ ತೋಟಗಳನ್ನು ಬಣ್ಣಿಸಿದರು. ನಾವು ಹೋಗಿದ್ದ ಕಾಲದಲ್ಲಿ ಅಲ್ಲಿ ಒಂದು ಟುಲಿಪ್ಪೂ ಇರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಅಕ್ಕ ಹೆಂಗಸರ ಸಾಲಿನಲ್ಲಿ ಕೂತು, ಪಕ್ಕದವರ ಮಗುವಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ಮಗುವಿನ ತಾಯಿ, "ನಿಮ್ಮೆಜಮಾನ್ರು ಎಷ್ಟ್ ತಿಳ್ಕೊಂಡವ್ರೆ ಕಣಕ್ಕ," ಎಂದದ್ದು ನನಗೆ ಕೇಳಿಸಿತು. ಆ ಮನುಷ್ಯನನ್ನು ವೇದಿಕೆ ಹತ್ತಿಸಿದ್ದು ನನ್ನ ಪುಸ್ತಕವೇ.

ಮುಂದಿನ ಸಭೆಗೆ ಅಕ್ಕ ಬಂದರು. ಅವರ ಕುರ್ಚಿಯಲ್ಲಿ ಯಜಮಾನರು ಕೂತಿದ್ದರು. ಅಕ್ಕ ಪಕ್ಕದಲ್ಲಿ ನಿಂತರು. ಎಲ್ಲರೂ ಫ್ಯಾನು ನೋಡಿದರು, ನಾನು ಪೆನ್ನು ನೋಡಿದೆ. ಸ್ವಲ್ಪ ಹೊತ್ತಿಗೆ ಯಜಮಾನರೇ, "ದನಕ್ಕೆ ನೀರ್ ತೋರ್ಸ್ಬೇಕಿತ್ತು," ಎಂದು ಎದ್ದು ಹೋದರು.

ಅಕ್ಕ ಕೂತು ನನ್ನ ಕಡೆ ತಿರುಗಿದರು. "ನಾನ್ ಇಲ್ಲೀಗಂಟ ಏನೇನಕ್ಕೆ ರುಜು ಆಕಿವ್ನಿ, ಓದಿ ಅಯ್ನೋರೆ."

ಆರು ವರ್ಷದ ನಡಾವಳಿ ಓದಿದೆ. ಪ್ರತಿ ವರ್ಷದ ಕೊನೆಯಲ್ಲೂ ಒಂದು ಸಾಲಿತ್ತು: 'ಹದಿನಾಲ್ಕನೇ ತೂಬಿನವರೆಗೆ ನೀರು ಸಮರ್ಪಕವಾಗಿ ತಲುಪಿದೆ ಎಂದು ಸರ್ವಾನುಮತದಿಂದ ತೀರ್ಮಾನಿಸಲಾಯಿತು.'

"ಹದ್ನಾಕ್ನೇ ತೂಬು ನನ್ ತವ್ರುಮನೇದು," ಎಂದರು ಅಕ್ಕ. ಇದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ನನ್ನೊಬ್ಬನನ್ನು ಬಿಟ್ಟು. "ನಮ್ಮಣ್ಣ ಭತ್ತ ಕಂಡು ಎಷ್ಟೋ ಕಾಲ ಆಯ್ತು. ಮಳೆ ನೆಚ್ಕಂಡು ರಾಗಿ ಚೆಲ್ತಾನೆ. ನೀವು ತೀರ್ಮಾನ ಮಾಡಿದ್ ನೀರು ಅವ್ನ್ ಗದ್ದೆಗೆ ಯಾವಾಗ್ ಬಂತು?"

"ಅದು ಮೇಲಿಂದ ಕೇಳ್ತಾರೆ ಕಣಮ್ಮ, ಅದ್ಕೇ ಬರೀತೀವಿ," ಎಂದರು ಅಧ್ಯಕ್ಷರು, ಸಂಕಟದಿಂದಲ್ಲ, ತಿಳಿಹೇಳುವವರಂತೆ.

"ಅಲ್ಲಿ ಕಡೇ ಮನೆಯೋನ್ಗೆ ನೀರು ನುಗ್ಗದಂಗೆ ನೋಡ್ಕತಾರೆ. ನಾವು ಕಡೇ ಮನೆಯೋನ್ಗೆ ನೀರು ಓಗ್ದಂಗೆ ನೋಡ್ಕತಾ ಇದ್ದೀವಿ," ಎಂದರು ಅಕ್ಕ. "ಈ ಸತಿ ನೀರ್ ಬುಡಕ್ ಮುಂಚೆ ನಾಲೆ ಮ್ಯಾಲೆ ನಡ್ಯಾನ. ಅಲ್ಲಿನವ್ರು ನಡೀತಾರಲ್ಲ, ಅಂಗೆ."

ನಡೆಯುವುದು ಎಂದ ಕೂಡಲೇ ಅಧ್ಯಕ್ಷರ ಮುಖ ಅರಳಿತು. ಅದರಲ್ಲಿ ಅವರಿಗೆ ಫೋಟೋ ಕಂಡಿತು. 'ಹಾಲೆಂಡ್ ಮಾದರಿ ನಾಲಾ ನಡಿಗೆ' ಎಂದು ಹೆಸರಿಟ್ಟು ತೀರ್ಮಾನ ಮಾಡಿದರು. ಈ ಸಲದ ಸರ್ವಾನುಮತ ನಿಜವಾದದ್ದು.

ಜುಲೈನಲ್ಲಿ ಒಂದು ಬೆಳಿಗ್ಗೆ ಫ್ಲೆಕ್ಸ್, ಬಿಳೀ ಟೋಪಿ, ಫೋಟೋಗ್ರಾಫರ್, ಉಪ್ಪಿಟ್ಟು ಎಲ್ಲ ಮೊದಲನೇ ತೂಬಿನ ಹತ್ತಿರ ಸಿದ್ಧವಾಯಿತು. ಅಕ್ಕ ಬಂದು, "ಕಡೇ ತೂಬಿಂದ ಸುರು ಮಾಡಾನ," ಎಂದರು. ಏನು ವ್ಯತ್ಯಾಸ ಎಂದು ಯಾರಿಗೂ ಹೊಳೆಯಲಿಲ್ಲ. ಉಪ್ಪಿಟ್ಟನ್ನು ಆಟೋದಲ್ಲಿ ಹಾಕಿಕೊಂಡು ಹದಿನಾಲ್ಕನೇ ತೂಬಿಗೆ ಹೋದೆವು.

ಅಲ್ಲಿ ನಾಲೆಯೊಳಗೆ ಅಕ್ಕನ ಅಣ್ಣನದೇ ಎರಡು ಎಮ್ಮೆ ಕಟ್ಟಿತ್ತು. ಮೇವಿನ ಗೊಂತು, ನೀರಿನ ಬಾನಿ, ಎಲ್ಲ ಏರ್ಪಾಟಾಗಿತ್ತು.

"ಎಮ್ಮೆ ಬಿಚ್ಚಣ್ಣ," ಎಂದರು ಅಕ್ಕ.

"ನೀರೇ ಬರಕಿಲ್ವಲ್ಲ, ಎಲ್ಲಿದ್ರೇನು?"

"ಬರೋ ಜಾಗ್ದಲ್ಲಿ ಎಮ್ಮೆ ಕಟ್ಕಂಡ್ರೆ ಎಲ್ಲಿಂದ ಬತ್ತದೆ? ಬಿಚ್ಚು."

ಅಣ್ಣ ಗೊಣಗುತ್ತ ಬಿಚ್ಚಿದರು. ಅಲ್ಲಿಂದ ಮೇಲಕ್ಕೆ ನಡೆದೆವು. ಪ್ರತಿ ತೂಬಿನಲ್ಲೂ ಆ ಹೊಲದವರನ್ನು ಕರೆಸುವುದು, ಜೊಂಡು ತೋರಿಸುವುದು, ಯಾವ ದಿನಕ್ಕೆ ತೆಗೆಯುತ್ತೀರಿ ಎಂದು ಕೇಳುವುದು. ನಾನು ಬರೆದುಕೊಳ್ಳುತ್ತಿದ್ದೆ. ಹೆಸರು ಬರೆಸಿಕೊಂಡವರು ಮನೆಗೆ ಹೋಗಲಿಲ್ಲ, ಮುಂದಿನವನ ಹೆಸರು ಬರೆಯುವುದನ್ನು ನೋಡಲು ಹಿಂದೆಯೇ ಬಂದರು. ಏಳನೇ ತೂಬಿಗೆ ಬರುವಷ್ಟರಲ್ಲಿ ಮೆರವಣಿಗೆಯೇ ಆಗಿತ್ತು.

ಏಳನೆಯದು ಅಕ್ಕನ ಮನೆಯದು. ಅಲ್ಲಿ ನಾಲೆಯ ತಳಕ್ಕೆ ಅಡ್ಡವಾಗಿ ಎರಡು ಚಪ್ಪಡಿ ಕಲ್ಲು. ನೀರು ಅಲ್ಲಿ ನಿಂತು, ಏರಿ, ಅವರ ತೂಬಿಗೆ ಮೊದಲು ತುಂಬುವಂತೆ ಯಾರೋ ತಿಳಿದವರು ಕೂರಿಸಿದ್ದರು. ಯಜಮಾನರು ತೋಟದ ಬೇಲಿಯ ಹತ್ತಿರ ನಿಂತಿದ್ದರು. ಜನ ಗುಜುಗುಜು ಎನ್ನತೊಡಗಿದರು.

ಅಕ್ಕ ಸೀರೆ ಎತ್ತಿ ಸಿಕ್ಕಿಸಿ ನಾಲೆಗಿಳಿದರು. "ಈ ಕಲ್ಲು ನಮ್ದು," ಎಂದು ಗಟ್ಟಿಯಾಗಿ ಹೇಳಿದರು. "ಬರ್ಕಳಿ ಅಯ್ನೋರೆ. ನನ್ನೆಸ್ರು ಬರೀರಿ, ಅವ್ರದ್ದಲ್ಲ. ಡೈರೆಕ್ಟ್ರು ನಾನು." ಆಮೇಲೆ ಗಂಡನ ಕಡೆ ನೋಡಿ, "ಬನ್ನಿ, ಒಂದ್ ಕೈ ಆಕಿ," ಎಂದರು. ಅಷ್ಟು ಜನರ ಮುಂದೆ ಬರದಿರಲು ಅವರಿಗಾಗಲಿಲ್ಲ. ಇಬ್ಬರೂ ಹಾರೆ ಹಾಕಿ ಕಲ್ಲು ಮೀಟಿದರು. ಎರಡನೇ ಕಲ್ಲಿಗೆ ಜನರೂ ಕೈಹಾಕಿದರು. ಯಜಮಾನರ ಮುಖ ಕೆಂಪಾಗಿತ್ತು. ಅದು ಭಾರಕ್ಕೋ ನಾಚಿಕೆಗೋ ನಾನು ಕೇಳಲಿಲ್ಲ. ಆದರೆ ಕಲ್ಲು ದಡಕ್ಕೆ ಬಿದ್ದ ಮೇಲೆ ಅವರು ಮನೆಗೆ ಹೋಗದೆ ನಮ್ಮ ಜೊತೆ ನಡೆದರು. ತಮ್ಮದು ಹೋಯಿತಲ್ಲ, ಇನ್ನು ಉಳಿದವರದು ಹೋಗುವುದನ್ನು ನೋಡುವ ಹಕ್ಕು ಬಂದಿತ್ತು.

ಅಧ್ಯಕ್ಷರಿಗೆ ಬಿಸಿಲು ಜೋರಾಗಿದೆ ಎನಿಸಿತು. ಮೂರನೇ ತೂಬಿನಲ್ಲಿ ನಿಲ್ಲಿಸಿ ಉಳಿದದ್ದನ್ನು ಇನ್ನೊಂದು ದಿನ ನೋಡೋಣ ಎಂದರು. ಜನ ಒಪ್ಪಲಿಲ್ಲ. ಎರಡನೆಯದರ ಹತ್ತಿರ, ಏರಿಯ ಲಂಟಾನ ಪೊದೆ ಸರಿಸಿದರೆ ಎರಡು ದಪ್ಪನೆಯ ಪೈಪು. ನಾಲೆಯಿಂದ ನೇರವಾಗಿ ಅಧ್ಯಕ್ಷರ ತೋಟಕ್ಕೆ. ನಾಲೆಯಲ್ಲಿ ನೀರಿದ್ದಾಗ ತೂಬಿನ ಬಾಗಿಲು ಇಳಿದಿದ್ದರೂ ಅವು ಹಗಲಿರುಳು ಕುಡಿಯುತ್ತಿದ್ದವು.

"ನಮ್ಮಪ್ಪನ್ ಕಾಲ್ದಿಂದ ಇರೋದು," ಎಂದರು ಅಧ್ಯಕ್ಷರು. ಪೈಪು ಪ್ಲಾಸ್ಟಿಕ್ಕಿನದು, ಮೇಲಿನ ಅಕ್ಷರ ಕೂಡ ಮಾಸಿರಲಿಲ್ಲ.

ಅಕ್ಕ ದನಿ ಎತ್ತಲಿಲ್ಲ. "ಅಧ್ಯಕ್ಷ್ರೆ, ಅಲ್ಲಿನವ್ರು ರೋಡ್ನೇ ಅಗ್ದು ಕಾಲ್ವೆ ತಗ್ದಿದ್ದು ನೀವೂ ನೋಡಿದ್ರಿ. ಬರ್ಕಳಿ ಬರ್ಕಳಿ ಅಂದ್ರಿ. ಎಲ್ಡು ಪೈಪು ಕೀಳಕಾಗಲ್ವ?"

ಅಧ್ಯಕ್ಷರು ಜನರನ್ನು ನೋಡಿದರು, ಫೋಟೋಗ್ರಾಫರನ್ನು ನೋಡಿದರು. ಇದ್ದಕ್ಕಿದ್ದಂತೆ ಅವರು ತೋಳು ಮಡಿಚಿ, ಬಿಳೀ ಪಂಚೆ ಎತ್ತಿ ಕಟ್ಟಿ, ಪೊದೆಗೆ ಇಳಿದು ಪೈಪು ಹಿಡಿದರು. "ತಗೀಲಾ ಪೋಟ," ಎಂದು ಫೋಟೋಗ್ರಾಫರಿಗೆ ಹೇಳಿ ಎಳೆದರು. ಮೂರನೇ ಎಳೆತಕ್ಕೆ ಪೈಪು ಬಂತು, ಅಧ್ಯಕ್ಷರು ಕೆಸರಿನಲ್ಲಿ ಕೂತರು. ಆ ಒಂದು ಫೋಟೋ ಅಚ್ಚಾಗಲಿಲ್ಲ. ಅದರ ಹಿಂದಿನದು ಮಾರನೆಯ ದಿನ ಪತ್ರಿಕೆಯಲ್ಲಿ ಬಂತು: 'ಅಧ್ಯಕ್ಷರಿಂದಲೇ ಅಕ್ರಮ ಪೈಪು ತೆರವು, ರೈತರ ಮೆಚ್ಚುಗೆ.' ಪೈಪು ಯಾರದು ಎಂಬುದಕ್ಕೆ ಜಾಗ ಸಾಲದಾಗಿತ್ತು. ಅವರು ಅದನ್ನು ಕಟ್ಟು ಹಾಕಿಸಿ ಕಚೇರಿಯಲ್ಲಿ ತೂಗುಹಾಕಿದರು. ಫೋಟೋ ಗೋಡೆಯ ಮೇಲೆ ಇರುವ ತನಕ ಪೈಪನ್ನು ವಾಪಸು ಹಾಕುವುದು ಅವರಿಗೂ ಕಷ್ಟವಾಯಿತು.

ಆಗಸ್ಟಿನಲ್ಲಿ ನಾಲೆಗೆ ನೀರು ಬಿಟ್ಟರು. ಐದನೇ ದಿನ ಮಧ್ಯಾಹ್ನ ಅಕ್ಕ ಫೋನು ಮಾಡಿ, "ಬನ್ನಿ ಅಯ್ನೋರೆ, ಹದ್ನಾಕ್ಕೆ ನೀರ್ ಬಂದದಂತೆ," ಎಂದರು. ಸ್ಕೂಟರಿನಲ್ಲಿ ಕರೆದುಕೊಂಡು ಹೋದೆ.

ನೀರು ಬಂದಿತ್ತು. ಪಾದ ಮುಳುಗುವಷ್ಟು, ಕಸಕಡ್ಡಿ ತಳ್ಳಿಕೊಂಡು, ಕೆಂಪಗೆ. ಬಾಗಿಲು ಮುರಿದ ತೂಬಿನಿಂದ ನುಗ್ಗಿ ಅಣ್ಣನ ಹೊಲದಲ್ಲಿ ಹರಡಿಕೊಂಡಿತ್ತು. ಹೊಲದಲ್ಲಿ ಗೇಣುದ್ದದ ರಾಗಿ ಪೈರು. ಅಣ್ಣ ಬದುವಿನ ಮೇಲೆ ನಿಂತು ತಲೆ ಚಚ್ಚಿಕೊಳ್ಳುತ್ತಿದ್ದರು.

"ಏಳ್ದೆ ಕೇಳ್ದೆ ನೀರ್ ಬುಟ್ಬುಟ್ರೆ ಏನವ್ವ ಗತಿ? ರಾಗಿ ಕೊಳ್ತೋಯ್ತದೆ. ಬರಕಿಲ್ಲ ಅಂತ್ಲೇ ನಾನು ಚೆಲ್ಲಿದ್ದು."

ಅಷ್ಟು ವರ್ಷ ಬರೆದ ಸುಳ್ಳು ಒಂದು ಸಲ ನಿಜವಾಗಿ, ಅದೂ ತಪ್ಪಾಗಿತ್ತು. ಅಕ್ಕ ಚಪ್ಪಲಿ ಬಿಟ್ಟು, ಅಲ್ಲಿದ್ದ ಸನಿಕೆ ತೆಗೆದುಕೊಂಡು ಮಣ್ಣು ಎಳೆದು ತೂಬಿನ ಬಾಯಿ ಕಟ್ಟಿದರು. ಆಮೇಲೆ ಹೊಲದ ಕೆಳ ಮೂಲೆಗೆ ಹೋಗಿ ಬದು ಕಡಿದು, ನಿಂತ ನೀರಿಗೆ ಹಳ್ಳದ ಕಡೆ ದಾರಿ ಮಾಡಿದರು. ನನಗೂ ಒಂದು ಗುದ್ದಲಿ ಕೊಟ್ಟರು. ಸರಿಯಾಗಿ ಹಿಡಿಯಲು ಬರುತ್ತಿರಲಿಲ್ಲ, ಅಣ್ಣನೇ ಬಂದು ತೋರಿಸಿದರು. ಸಂಜೆಯ ಹೊತ್ತಿಗೆ ನೀರು ಇಳಿಯಿತು. ಒಂದು ಮಡಿ ರಾಗಿ ಹೋಯಿತು, ಉಳಿದದ್ದು ಉಳಿಯಿತು.

ಅಕ್ಕ ಕಾಲು ತೊಳೆದುಕೊಂಡು ಬಂದು ಅಣ್ಣನ ಪಕ್ಕ ಕೂತರು. "ತಪ್ಪು ನಮ್ದೇ," ಎಂದರು. "ಬರೋ ವರ್ಸದಿಂದ ಮುಂಚೆನೇ ಏಳಿ ಕಳ್ಸ್ತೀವಿ. ಭತ್ತದ ಸಸಿಗೆ ಒಟ್ಲು ಮಾಡ್ಕ."

ಅಣ್ಣ ನಂಬಿದ ಹಾಗೆ ಕಾಣಲಿಲ್ಲ. ಆದರೂ ಮುಂದಿನ ವರ್ಷ ಅರ್ಧ ಎಕರೆಯಲ್ಲಿ ಭತ್ತದ ನಾಟಿ ಹಾಕಿಸಿದರು. ನೀರು ಬಿಡುವ ಹತ್ತು ದಿನ ಮೊದಲು ಪ್ರತಿ ತೂಬಿನ ಮನೆಗೂ ಹೋಗಿ ದಿನ, ಸರದಿ ಹೇಳಿ ಬರುವುದು ಈಗ ನನ್ನ ಕೆಲಸ. ಅಕ್ಕ ಹಾಗೆಂದು ತೀರ್ಮಾನ ಮಾಡಿಸಿದ್ದಾರೆ. ಮಳೆಯಲ್ಲಿ ಏರಿಯ ಮೇಲೆ ಸ್ಕೂಟರ್ ಹೋಗುವುದಿಲ್ಲ, ನಡೆದೇ ಹೋಗುತ್ತೇನೆ. ಕಳೆದ ವರ್ಷ ಒಂದು ಜೊತೆ ರಬ್ಬರ್ ಬೂಟು ಕೊಂಡೆ.